ಅಪ್ಪ ಹಾಕಿದ ಅಲ್ಪವಿರಾಮ

ಜೂನ್ 12

ಅಕ್ಕ,

ನಾನು ಕ್ಷೇಮ. ಅಪ್ಪನ ಮೊಣಕಾಲು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಒಂದು ಪುಟ ಉತ್ತರ ಬರೆಯುತ್ತಾರೆ. ಅದರಲ್ಲಿ ಮೊಣಕಾಲಿನ ಸುದ್ದಿ ಒಂದು ಸಾಲು, ನನ್ನ ಹಿಂದಿನ ಕಾಗದದ ಕಾಗುಣಿತದ ತಪ್ಪುಗಳು ಇಪ್ಪತ್ತು ಸಾಲು.

ಕೆಲಸದ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್ ತರಗತಿಗೆ ನಮ್ಮ ಸಂಸ್ಥೆಯಲ್ಲಿ ಇಷ್ಟು ದಿನ ಒಬ್ಬೊಬ್ಬ ಬೋಧಕರು ಒಂದೊಂದು ವಿಡಿಯೊ ಸಾಧನ ಬಳಸುತ್ತಿದ್ದರು. ಇನ್ನು ಮುಂದೆ ಎಲ್ಲರಿಗೂ ಒಂದೇ. ಹಾಜರಾತಿ, ಅಂಕ ಎಲ್ಲ ಅದರೊಳಗೇ. ನಾಲ್ಕು ಸಾವಿರ ವಿದ್ಯಾರ್ಥಿಗಳಿಗೆ ಯಾವುದು ಸರಿ ಎಂದು ಆರಿಸಲು ಐದು ಜನರ ಸಮಿತಿ ಮಾಡಿದ್ದಾರೆ. ಉಪ ಕುಲಸಚಿವನಾದ ತಪ್ಪಿಗೆ ನಾನೇ ಸಂಚಾಲಕ.

ಮೂರು ಸಾಧನಗಳು ಕಣದಲ್ಲಿವೆ. ನಿನ್ನ ಪುಟ ವಿನ್ಯಾಸದ ತರಗತಿಯಲ್ಲಿ ಒಂದೊಂದನ್ನೂ ಐದು ದಿನ ಬಳಸಿ ನೋಡು. ಕಿವಿ ಕೇಳದವರಿಗೆ ಪಾಠ ಹೇಳುವವಳು ಇಡೀ ಸಂಸ್ಥೆಯಲ್ಲಿ ನೀನೊಬ್ಬಳೇ. ವರದಿಯ ನಮೂನೆ ತುಂಬಬೇಡ. ಅದರಲ್ಲಿ ಮೊದಲ ಪ್ರಶ್ನೆಯೇ "ಧ್ವನಿ ಹೇಗಿದೆ?" ಎಂದು. ನೀನು ಅಲ್ಲೇ ಪೆನ್ನು ಬಿಸಾಡುತ್ತೀಯ. ನನಗೆ ಕಾಗದ ಬರೆಯುವ ಹಾಗೆಯೇ ಬರೆ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ನಿನ್ನ ಹನ್ನೊಂದು ಜನರ ವಿಷಯದಲ್ಲಿ ನಿನ್ನ ಮಾತೇ ಕೊನೆಯ ಮಾತು.

ಕಿವಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಅಪ್ಪನಿಗೆ ಹೇಳು.

ನಿನ್ನ ತಮ್ಮ,
ಕಿವಿ


ಜೂನ್ 30

ಕಿವಿಗೆ,

ಮೂರನ್ನೂ ನೋಡಿದೆವು. ತಡವಾಯಿತು. ಕಾಗದದ ಕರಡು ಎರಡು ದಿನ ಅಪ್ಪನ ಕೆಂಪು ಪೆನ್ಸಿಲಿನ ಕೆಳಗಿತ್ತು. ನಲವತ್ತೆರಡು ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದ ಮನುಷ್ಯ, ಮನೆಯಿಂದ ಹೊರಡುವ ಒಂದು ಸಾಲನ್ನೂ ನೋಡದೆ ಬಿಡುವುದಿಲ್ಲ. ಅವರು ತಿದ್ದಿದ ಮೇಲೆ ನಾನು ಶುದ್ಧಪ್ರತಿ ಬರೆಯುವುದು ಸ್ಕೂಲಿನ ಕಾಲದಿಂದ ಬಂದ ಪದ್ಧತಿ. ನಿನಗೂ ಅಷ್ಟೇ ಇತ್ತು, ನೀನು ತಪ್ಪಿಸಿಕೊಂಡೆ.

ಸಾಧನಗಳಿಗೆ ಕಂಪನಿಯವರು ಇಟ್ಟ ಹೆಸರು ನಮಗೆ ನೆನಪಿರಲಿಲ್ಲ. ನನ್ನ ತರಗತಿ ಒಂದೊಂದನ್ನೂ ಎರಡೇ ದಿನ ನೋಡಿ ಮೂರಕ್ಕೂ ಕೈಸನ್ನೆಯ ಹೆಸರು ಇಟ್ಟಿತು.

ಮೊದಲನೆಯದು ಬಿಕ್ಕಳಿಕೆ. ಎರಡು ನಿಮಿಷಕ್ಕೊಮ್ಮೆ ಚಿತ್ರ ನಿಂತುಬಿಡುತ್ತದೆ. ನಿಮಗೆ ಮಾತು ಅರ್ಧಕ್ಕೆ ನಿಂತರೆ ಊಹಿಸಿಕೊಳ್ಳಬಹುದು, ಕೈ ಅರ್ಧಕ್ಕೆ ನಿಂತರೆ ಅರ್ಥವೇ ಬೇರೆ. ನನ್ನ ವಿದ್ಯಾರ್ಥಿ ಟೋಪಿ (ತರಗತಿಯಲ್ಲಿ ಎಲ್ಲರದೂ ಕೈಸನ್ನೆಯ ಹೆಸರೇ) "ಅಂಚು ಬಿಡಿ" ಎಂದು ತೋರಿಸುತ್ತಿದ್ದಾಗ ಚಿತ್ರ ನಿಂತಿತು. ಅವನ ಸಹಪಾಠಿ ಜಡೆಗೆ ಅದು ತನ್ನ ಕೆನ್ನೆಗೆ ಹೊಡೆಯಲು ಎತ್ತಿದ ಕೈಯ ಹಾಗೆ ಕಂಡಿತು. ಇಬ್ಬರೂ ಒಂದು ದಿನ ಮುಖ ತಿರುಗಿಸಿಕೊಂಡಿದ್ದರು.

ಎರಡನೆಯದು ಕಿಟಕಿ. ನನ್ನದೂ ಸೇರಿ ಹನ್ನೆರಡು ಚೌಕ, ಎಲ್ಲವೂ ಒಂದೇ ಅಳತೆ, ಎಲ್ಲರೂ ಯಾವಾಗಲೂ ಕಾಣುತ್ತಾರೆ. ದೋಷವನ್ನೂ ಹೇಳಬೇಕು: ಇಂಟರ್ನೆಟ್ ಲೈನ್ ಸೋತರೆ ತಡೆಯುವುದಿಲ್ಲ. ಜಡೆಯ ಮನೆಯಲ್ಲಿ ಐದು ದಿನಕ್ಕೆ ಮೂರು ಸಲ ಬಿದ್ದುಹೋಯಿತು. ಆದರೂ ನಮಗೆ ಬೇಕಾದದ್ದು ಇದೇ.

ಮೂರನೆಯದು ಕುರ್ಚಿ. ಕುರ್ಚಿಯಾಟದ ಕುರ್ಚಿ. ಯಾರಿಂದ ಸದ್ದು ಬರುತ್ತದೋ ಅವರೇ ಇಡೀ ತೆರೆಯ ಮೇಲೆ ಕೂರುತ್ತಾರೆ, ಉಳಿದವರು ಮಾಯ. ಚಿತ್ರ ದೊಡ್ಡದು, ಸೋತ ಲೈನಿನಲ್ಲೂ ನಿಲ್ಲುವುದಿಲ್ಲ. ಬೋಧಕಿಯನ್ನು ಮಾತ್ರ ಹಿಡಿದು ನಿಲ್ಲಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ನಾನು ಎಲ್ಲರಿಗೂ ಕಾಣುತ್ತೇನೆ, ಅವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೆ ಪಾಠ ಅನ್ನುವುದಿಲ್ಲ, ಭಾಷಣ ಅನ್ನುತ್ತಾರೆ. ನಿನ್ನ ನಮೂನೆಯ ಮೊದಲ ಪ್ರಶ್ನೆಗೂ ಉತ್ತರ ಬರೆದುಬಿಡುತ್ತೇನೆ: ಕುರ್ಚಿಯಲ್ಲಿ ಧ್ವನಿ ಅತ್ಯಂತ ಸ್ಪಷ್ಟ, ನನ್ನ ತರಗತಿಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಅದು ಯಾರಿಗೂ ಕೇಳಿಸಲಿಲ್ಲ.

(ಈ ವಾಕ್ಯಕ್ಕಾಗಿ ಅಪ್ಪನಿಗೂ ನನಗೂ ಹತ್ತು ನಿಮಿಷ ಜಗಳವಾಯಿತು. ಅದನ್ನು ಇನ್ನೊಮ್ಮೆ ಹೇಳುತ್ತೇನೆ.)

ಇದೆಲ್ಲ ಕಿವಿ ಮಾಡಿಸುತ್ತಿರುವ ಪರೀಕ್ಷೆ ಎಂದಾಗ "ಕಿವಿ ಅಂದ್ರೆ ಯಾರು?" ಎಂದು ತರಗತಿ ಕೇಳಿತು. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೈಯಲ್ಲಿ ಹೇಳಿದರು. ನಾಲ್ಕು ವರ್ಷದ ನೀನು ಅಡುಗೆಮನೆಯಲ್ಲಿದ್ದ ಅವರ ಅಂಗಿ ಜಗ್ಗಿ ಬಾಗಿಲ ಕಡೆ ಕೈ ತೋರಿಸಿದ್ದು, ಬಾಗಿಲು ತೆರೆದರೆ ಅಂಚೆಯವನು ನಿಂತಿದ್ದದ್ದು. ಅದಕ್ಕೆ ಮೊದಲು, ನಾನು ಸ್ಕೂಲಿನಲ್ಲಿದ್ದ ಹೊತ್ತಿನಲ್ಲಿ, ಕಿವಿ ಕೇಳದ ಅಪ್ಪ ಅಮ್ಮನ ಬಾಗಿಲು ತಟ್ಟಿ ಎಷ್ಟು ಜನ ವಾಪಸು ಹೋಗಿದ್ದರೋ. ಅವತ್ತೇ ನಿನಗೆ ಹೆಸರು ಸಿಕ್ಕಿತು: ಬೆರಳು ಮೊದಲು ಕಿವಿಗೆ, ಆಮೇಲೆ ಎದೆಗೆ. ನನ್ನ ಕಿವಿ. ನನ್ನದು ದೀಪ, ಕೈ ಕಾಣಲಿ ಎಂದು ದೀಪ ಹಿಡಿದು ಓಡಾಡುತ್ತಿದ್ದವಳು. ಊಟದ ಮೇಜಿನ ನಾಲ್ಕು ಮೂಲೆಯನ್ನೂ ಅಪ್ಪ ಗರಗಸದಿಂದ ಕುಯ್ದು ಗುಂಡಗೆ ಮಾಡಿದ್ದನ್ನೂ ಹೇಳಿದರು. "ಮೂಲೇಲಿ ಕೂತವರ ಕೈ ಕಾಣ್ತಿರಲಿಲ್ಲ. ನಾನು ಗರಗಸ ಎಳೆದೆ, ಕಿವಿ ಮೇಜು ಅಲ್ಲಾಡದ ಹಾಗೆ ಮೇಲೆ ಹತ್ತಿ ಕೂತಿದ್ದ. ಇವರಮ್ಮ ವಾರಗಟ್ಟಲೆ ನಮ್ಮಿಬ್ಬರಿಗೂ ಬೈದಳು. ಅದೂ ಆ ಮೇಜಿನ ಸುತ್ತಲೇ, ಎಲ್ಲರಿಗೂ ಕಾಣೋ ಹಾಗೆ!"

ಕಿಟಕಿ ಅಂದರೆ ಆ ಮೇಜೇ. ನಿನಗೆ ಹೆಚ್ಚು ವಿವರಿಸಬೇಕಿಲ್ಲ.

ಒಂದು ಮಾತು. ಪತ್ರಿಕೆಯೊಂದರ ಪುಟ ವಿಭಾಗದವರು ಮಾರ್ಚಿನಲ್ಲಿ ನಮ್ಮ ತರಗತಿಯಿಂದ ಮೂವರನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಪ್ರಮಾಣಪತ್ರ ಕಡ್ಡಾಯ. ಆದ್ದರಿಂದ ಈ ವರ್ಷ ಪಾಠ ಕೆಡಬಾರದು.

ಅಕ್ಕ,
ದೀಪ


ಜುಲೈ 9

ಅಕ್ಕ,

ನಿನ್ನ ಕಾಗದ ಸಮಿತಿಯಲ್ಲಿ ಓದಿದೆ. ಟೋಪಿ-ಜಡೆಯ ಕಥೆಗೆ ಎಲ್ಲರೂ ನಕ್ಕರು. ನಿಶ್ಚಿಂತೆಯಾಗಿರು. ಕಿಟಕಿಯೇ. ಆದೇಶ ಹೊರಡಲು ಒಂದು ತಿಂಗಳು ಹಿಡಿಯುತ್ತದೆ, ಕಚೇರಿ ಅಂದರೆ ಗೊತ್ತಲ್ಲ. ಸದ್ಯ ಕೆಲಸ ಬಹಳ, ಹೆಚ್ಚು ಬರೆಯಲಾಗುತ್ತಿಲ್ಲ.

ಕಿವಿ


ಆಗಸ್ಟ್ 21

ಕಿವಿಗೆ,

ಇವತ್ತು ಎಲ್ಲ ಬೋಧಕರಿಗೂ ಸುತ್ತೋಲೆ ಬಂತು. ಸೆಪ್ಟೆಂಬರ್ 1ರಿಂದ ಕುರ್ಚಿ ಎಂದಿದೆ. ಅಂದರೆ ಕಂಪನಿಯವರು ಇಟ್ಟ ಆ ಉದ್ದದ ಹೆಸರಿದೆ, ನಾನು ಮೂರು ಸಲ ಓದಿ ಖಚಿತ ಮಾಡಿಕೊಂಡೆ. ಟೈಪಿಸ್ಟ್ ಎರಡನೆಯದಕ್ಕೂ ಮೂರನೆಯದಕ್ಕೂ ಅದಲು ಬದಲು ಮಾಡಿರಬೇಕು. ಹಾಗಿದ್ದರೆ ತಿದ್ದುಪಡಿ ಬೇಗ ಹೊರಡಿಸು, ಬೋಧಕರು ಆಗಲೇ ತಯಾರಿ ಮಾಡಿಕೊಳ್ಳುತ್ತಿದ್ದಾರೆ.

ತಪ್ಪಲ್ಲ, ತೀರ್ಮಾನವೇ ಬದಲಾಗಿದೆ ಎಂದಾದರೆ ಅದನ್ನೂ ಹೇಳು. ಕಾರಣವಿದ್ದೀತು. ನಾಲ್ಕು ಸಾವಿರ ಜನರ ಲೆಕ್ಕ ನನಗೆ ಗೊತ್ತಿಲ್ಲ. ನಮ್ಮ ಒಂದು ತರಗತಿಗೆ ಮಾತ್ರ ವಿನಾಯಿತಿ ಕೊಟ್ಟರೂ ಸಾಕು. ನೀನು ಬರೆಯುವವರೆಗೆ ತರಗತಿಗೆ ಏನೂ ಹೇಳುವುದಿಲ್ಲ.

ಅಪ್ಪ ಸುತ್ತೋಲೆ ಓದಿ ಎರಡು ಕಾಗುಣಿತ ತಿದ್ದಿದರು.

ದೀಪ


ಸೆಪ್ಟೆಂಬರ್ 10

ಕಿವಿಗೆ,

ನಿನ್ನಿಂದ ಉತ್ತರವಿಲ್ಲ. ಕಚೇರಿಗೆ ಎರಡು ಸಲ ಫೋನ್ ಮಾಡಿದೆ. "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಮೇಡಂ" ಎಂದು ಎರಡು ಸಲವೂ ಒಬ್ಬರೇ ಹೇಳಿದರು. ಎರಡನೇ ಸಲ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ನನಗೆ ಕಿವಿ ಕೇಳಿಸುತ್ತದೆ ಎನ್ನುವುದನ್ನು ನೀನು ಮರೆತಿರಬೇಕು.

ಇಲ್ಲಿನ ಸ್ಥಿತಿ ಹೇಳುತ್ತೇನೆ. ಕುರ್ಚಿ ಬಂದು ಹತ್ತು ದಿನ. ಮೊದಲ ದಿನ ಒಂದು ಗಂಟೆ ತೆರೆಯ ಮೇಲೆ ಯಾರೂ ಬರಲಿಲ್ಲ, ಯಾಕೆಂದರೆ ಯಾರೂ ಸದ್ದು ಮಾಡಲಿಲ್ಲ. ಎರಡನೆಯ ದಿನ ಟೋಪಿ ಉಪಾಯ ಕಂಡುಹಿಡಿದ. ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ತಟ್ಟೆ ಬಡಿದರೆ ಕುರ್ಚಿ ಸಿಗುತ್ತದೆ. ಬಡಿಯುವುದಕ್ಕೆ ಒಂದು ಕೈ ಹೋಯಿತು, ಮಾತಾಡುವುದಕ್ಕೆ ಉಳಿದದ್ದು ಒಂದೇ ಕೈ. ಬಡಿಯುವುದು ನಿಲ್ಲಿಸಿದ ಮೂರು ಸೆಕೆಂಡಿಗೆ ಕುರ್ಚಿ ಬೇರೆಯವರ ಪಾಲು. ಹನ್ನೊಂದು ಮನೆಯಲ್ಲಿ ತಟ್ಟೆ ಬಡಿತ ಶುರುವಾಯಿತು. ಬಡಿಯುವವರಿಗೆ ಏನೂ ಇಲ್ಲ, ಕೇಳುವ ಗ್ರಹಚಾರ ಅಕ್ಕಪಕ್ಕದವರದು. ಟೋಪಿಯ ಮನೆ ಮಾಲೀಕ ಬಂದು "ಏನಪ್ಪ ಇದು, ಹಾವು ಬಂದಿದೆಯಾ?" ಎಂದು ಕೂಗಾಡಿದನಂತೆ. ಟೋಪಿ ಅವನ ಬಾಯಿ ನೋಡಿ "ಊಟ ಆಯ್ತಾ" ಎಂದು ಕೇಳುತ್ತಿದ್ದಾನೆಂದು ತಿಳಿದು ತಟ್ಟೆ ತೋರಿಸಿದ.

ನಗು ಬರಬೇಕು ಎಂದೇ ಬರೆದೆ. ಈಗ ಇದನ್ನು ಓದು.

ಶನಿವಾರ ಕುರ್ಚಿಯೇ ತಯಾರಿಸಿದ ಹಾಜರಾತಿ ಪಟ್ಟಿ ಬಂತು. ಯಾರು ಎಷ್ಟು ನಿಮಿಷ ಮಾತಾಡಿದರು ಎಂಬುದರ ಮೇಲೆ 'ಭಾಗವಹಿಸುವಿಕೆ' ಎಂಬ ಅಂಕಣವಿದೆ. ಒಂಬತ್ತು ಜನರ ಬಡಿತ ಒಂದು ನಿಮಿಷವೂ ತುಂಬದೆ ಸೊನ್ನೆ. ಟೋಪಿಗೆ ಎರಡು ನಿಮಿಷ, ತಟ್ಟೆಯ ಪುಣ್ಯದಿಂದ. ವಾರದ ಅತ್ಯುತ್ತಮ ವಿದ್ಯಾರ್ಥಿನಿ ಜಡೆ, ನಲವತ್ತೊಂದು ನಿಮಿಷ. ಆ ನಲವತ್ತೊಂದು ನಿಮಿಷ ಅವಳ ಹಿಂದೆ ಅವಳಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಮಾರ್ಚಿನಲ್ಲಿ ಪತ್ರಿಕೆಯವರು ಕೇಳಿದರೆ ಹೊಲಿಗೆ ಮೆಷಿನ್ನನ್ನು ಕಳಿಸಬಹುದು.

ಭಾಗವಹಿಸುವಿಕೆ ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಪ್ರಮಾಣಪತ್ರವಿಲ್ಲ ಎಂಬ ನಿಯಮ ಬರೆದವನು ನೀನು.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಕಿನ್ನರಿಯೇ ಕೋಣ. ಯಾಕೆ ಹೀಗಾಯಿತು ಎಂದು ಒಂದು ಸಾಲು ಬರೆ. ಒಂದೇ ಸಾಲು.

ದೀಪ


ಕಡತ ಸಂಖ್ಯೆ 212
ಸೆಪ್ಟೆಂಬರ್ 20

ಮಾನ್ಯರೇ,

ವಿಷಯ: ಪುಟ ವಿನ್ಯಾಸ (ಶ್ರವಣದೋಷವುಳ್ಳವರ ವಿಭಾಗ) ತರಗತಿಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸುವ ಬಗ್ಗೆ.

ಸದರಿ ತರಗತಿಯ ಸೆಪ್ಟೆಂಬರ್ ತಿಂಗಳ ಭಾಗವಹಿಸುವಿಕೆ ನಿಗದಿತ ಮಟ್ಟಕ್ಕಿಂತ ಬಹಳ ಕಡಿಮೆ ಇರುವುದು ಕಂಡುಬಂದಿರುತ್ತದೆ. ನಿಯಮಾನುಸಾರ ಮುಂದಿನ ಆದೇಶದವರೆಗೆ ತರಗತಿಯನ್ನು ಸ್ಥಗಿತಗೊಳಿಸಲಾಗಿದೆ. ಸಾಧನದ ಬಗ್ಗೆ ತಾವು ಪತ್ರದಲ್ಲಿ ತಿಳಿಸಿದ ಆಕ್ಷೇಪಣೆಯನ್ನು ಪರಿಶೀಲಿಸಲಾಯಿತು. ಆಯ್ಕೆಯ ಪೂರ್ವದಲ್ಲಿ ಸದರಿ ಸಾಧನಕ್ಕೆ ತಾವೇ ಲಿಖಿತವಾಗಿ ಒಪ್ಪಿಗೆ ಸೂಚಿಸಿರುವುದು ಸಮಿತಿಯ ವರದಿಯ 14ನೇ ಪುಟದಲ್ಲಿ ದಾಖಲಾಗಿರುವುದರಿಂದ ಆಕ್ಷೇಪಣೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

ತಮ್ಮ ವಿಶ್ವಾಸಿ,
ಉಪ ಕುಲಸಚಿವ


ಸೆಪ್ಟೆಂಬರ್ 28

ತಮ್ಮನಿಗೆ,

'ಮಾನ್ಯರೇ' ಎಂದು ಬರೆದಿದ್ದೀಯ. ಹುಟ್ಟಿದ ನಲವತ್ತೇಳು ವರ್ಷಕ್ಕೆ ಮೊದಲ ಸಲ ಅಕ್ಕನಿಗೆ ಮರ್ಯಾದೆ ಕೊಟ್ಟೆ.

ಲಿಖಿತ ಒಪ್ಪಿಗೆ ನಾನು ಯಾವಾಗ ಕೊಟ್ಟೆ ಎಂದು ತಲೆ ಕೆಡಿಸಿಕೊಂಡು ವರದಿಯ ಪ್ರತಿ ತರಿಸಿದೆ. ಅರವತ್ತು ಪುಟ. 14ನೇ ಪುಟವನ್ನು ಮೇಜಿನ ಮೇಲೆ ಇಟ್ಟೆ. ಅಪ್ಪ ಕನ್ನಡಕ ಒರೆಸಿಕೊಂಡು ಬಂದು ಕುಳಿತರು. ಅಲ್ಲಿರುವುದನ್ನು ಇದ್ದ ಹಾಗೆ ನಕಲು ಮಾಡುತ್ತೇನೆ:

"ಶ್ರವಣದೋಷವುಳ್ಳ ವಿದ್ಯಾರ್ಥಿಗಳ ಬೋಧಕಿಯ ಅಭಿಪ್ರಾಯ: 'ಧ್ವನಿ ಅತ್ಯಂತ ಸ್ಪಷ್ಟ, ನನ್ನ ತರಗತಿಯಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.'"

ಪೂರ್ಣವಿರಾಮ.

ನನಗೆ ಮೊದಲು ಹೊಳೆಯಲೇ ಇಲ್ಲ. ಮಾತುಗಳು ನನ್ನವೇ, ಒಂದು ಅಕ್ಷರವೂ ಬದಲಾಗಿಲ್ಲ. ಇದನ್ನು ನಾನು ಯಾವಾಗ ಬರೆದೆ, ಯಾಕೆ ಬರೆದೆ ಎಂದು ನನ್ನನ್ನೇ ನಾನು ಸಂಶಯಪಟ್ಟೆ. ಅಪ್ಪ ಆ ಪೂರ್ಣವಿರಾಮದ ಮೇಲೆ ಉಗುರು ಇಟ್ಟರು. ಆಮೇಲೆ ಕೈಯಲ್ಲಿ ಕೇಳಿದರು: "ಇಲ್ಲಿ ಅಲ್ಪವಿರಾಮ ಇತ್ತು. ಯಾರು ತೆಗೆದರು?"

ವರದಿಯ ಕೊನೆಯಲ್ಲಿ ಐದು ಸಹಿ. ಮೊದಲನೆಯದು ನಿನ್ನದು.

ಸಹಿಯ ಪುಟವನ್ನು ಅಪ್ಪನ ಕಡೆ ತಿರುಗಿಸಿಟ್ಟೆ.

ದಿನಾಂಕಗಳನ್ನೂ ನೋಡಿದೆ. ಸಮಿತಿ ತೀರ್ಮಾನ ಮಾಡಿದ ಸಭೆ ಜುಲೈ 5. "ನಿಶ್ಚಿಂತೆಯಾಗಿರು, ಕಿಟಕಿಯೇ" ಎಂದು ನೀನು ನನಗೆ ಬರೆದದ್ದು ಜುಲೈ 9. ಆ ನಾಲ್ಕು ದಿನದ ಬಗ್ಗೆ ನಾನು ಬಹಳ ಯೋಚಿಸುತ್ತಿದ್ದೇನೆ.

ಕಿವಿಯ ಮೇಲೆ ಹೂವಿಡುವುದು ಅಂತ ಮಾತಿದೆ. ನಮ್ಮ ಮನೆಯಲ್ಲಿ ಕಿವಿಯೇ ಹೂವಿಟ್ಟಿತು.

ಅಕ್ಕ


ಅಕ್ಟೋಬರ್ 17

ಅಕ್ಕ,

ಇದನ್ನು ನಾಲ್ಕು ಸಲ ಬರೆದು ಹರಿದೆ. ಅಪ್ಪನಿಗೆ ತೋರಿಸಬೇಡ.

ನಾಲ್ಕು ಸಾವಿರದಲ್ಲಿ ಸಾವಿರದ ಆರುನೂರು ಜನರ ಮನೆಯಲ್ಲಿ ಕಿಟಕಿ ತೆರೆಯಲೇ ಇಲ್ಲ. ಹತ್ತಾರು ಚಿತ್ರ ಒಟ್ಟಿಗೆ ಎಳೆಯುವ ಶಕ್ತಿ ಅವರ ಲೈನಿಗಿಲ್ಲ. ಕುರ್ಚಿ ಒಂದೇ ಚಿತ್ರ ಕಳಿಸುತ್ತದೆ, ಅದಕ್ಕೇ ನಡೆಯುತ್ತದೆ. ಬರಿ ಧ್ವನಿ ಸಿಕ್ಕರೂ ಅವರಿಗೆ ಪಾಠ ಸಿಕ್ಕಂತೆ. ಆ ಸಾವಿರದ ಆರುನೂರು ಜನರ ಎದುರಿಗೆ ನಿನ್ನ ಹನ್ನೊಂದು. ನನ್ನ ಜಾಗದಲ್ಲಿ ನೀನಿದ್ದರೂ ಕುರ್ಚಿಗೇ ಕೈ ಎತ್ತುತ್ತಿದ್ದೆ.

ಸಭೆಯಲ್ಲಿ ಆದದ್ದು ಹೀಗೆ. ಎಲ್ಲ ಮುಗಿಯುತ್ತಾ ಬಂದಿತ್ತು. ಗಣಿತದ ಮೇಷ್ಟ್ರು ಫೈಲ್ ಮುಚ್ಚುತ್ತಾ "ಅಲ್ರೀ, ಕಿವಿ ಕೇಳದ ಮಕ್ಕಳಿಗೆ ಇದು ಆಗುತ್ತಾ? ಅವರ ಮೇಡಂ ಏನಂದ್ರು?" ಎಂದು ಕೇಳಿದರು. ನಿನ್ನ ಕಾಗದ ನನ್ನ ಕೈಯಲ್ಲೇ ಇತ್ತು. ಓದಿದೆ. 'ತೊಂದರೆಯಾಗಲಿಲ್ಲ' ಎಂಬಲ್ಲಿ ಒಂದು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರು "ಸರಿ ಹಾಗಾದ್ರೆ, ಅವರಿಗೂ ಆಯ್ತಲ್ಲ. ಮುಂದಿನ ವಿಷಯ" ಎಂದರು. ಎಲ್ಲರೂ ಪುಟ ತಿರುಗಿಸಿದರು. ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಮುಂದಿನ ಸಾಲು ಓದಿದ್ದರೆ ಸಭೆ ಇನ್ನೊಂದು ತಿಂಗಳು ಮುಂದೆ ಹೋಗುತ್ತಿತ್ತು. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಗುಮಾಸ್ತ ಕೇಳಿಸಿಕೊಂಡಷ್ಟು ಟೈಪ್ ಮಾಡಿದ. ನಾನು ಸಹಿ ಮಾಡಿದೆ. ಅಷ್ಟೇ ನಡೆದದ್ದು. ಕತ್ತರಿ ಹಿಡಿದು ಕೂತು ಕತ್ತರಿಸಿದವನಲ್ಲ ನಾನು.

ಜುಲೈ 9ರಂದು ನಿನಗೆ ಸುಳ್ಳು ಬರೆದೆ. ಆದೇಶ ಹೊರಡುವುದರೊಳಗೆ ಏನಾದರೂ ಸರಿ ಮಾಡಬಹುದು ಅಂದುಕೊಂಡಿದ್ದೆ.

ಈಗಲೂ ದಾರಿ ಇದೆ. ನಿಮ್ಮ ತರಗತಿಗೆ ಮಾತ್ರ ಜನವರಿಯಿಂದ ಕಿಟಕಿ ಕೊಡಿಸುತ್ತೇನೆ. ಸೆಪ್ಟೆಂಬರಿನ ಸೊನ್ನೆಗಳನ್ನೂ ತೆಗೆಸುತ್ತೇನೆ. ಮಾರ್ಚಿಗೆ ಪ್ರಮಾಣಪತ್ರ ಸಿಗುತ್ತದೆ. ಸಂಸ್ಥೆಯ ಆಡಳಿತ ಪರಿಷತ್ತಿಗೆ ಕಾರಣ ಬೇಕು, ಅದಕ್ಕೆ ನೀನು ಒಂದು ಸಾಲು ಬರೆದು ಕೊಡಬೇಕು: "ಪರೀಕ್ಷಿಸಿದ ಸಮಯದಲ್ಲಿ ಈ ತೊಂದರೆ ನನ್ನ ಗಮನಕ್ಕೆ ಬಂದಿರಲಿಲ್ಲ" ಎಂದು. ಯಾರಿಗೂ ನಷ್ಟವಿಲ್ಲ. ನಿನ್ನ ಹನ್ನೊಂದು ಜನ ಉಳಿಯುತ್ತಾರೆ. ನಾನೂ ಉಳಿಯುತ್ತೇನೆ.

ಜೂನ್ ಕಾಗದದ ಕರಡು ನಿನ್ನ ಹತ್ತಿರ ಇದೆಯಾ? ಇದ್ದರೆ ಎಲ್ಲಿಗೂ ಕಳಿಸಬೇಡ.

ಹೋದ ಭಾನುವಾರ ಅಪ್ಪನನ್ನು ನೋಡೋಣ ಎಂದು ಆಫೀಸಿನಿಂದಲೇ, ಅದೇ ಕುರ್ಚಿ ಸಾಧನದಲ್ಲಿ, ವಿಡಿಯೊ ಕರೆ ಮಾಡಿದೆ. ಪಕ್ಕದ ಮನೆಯವರು ತೆರೆದು ಕೊಟ್ಟರು, ನೀನು ಹೊರಗೆ ಹೋಗಿದ್ದೆಯಂತೆ. ಅಪ್ಪ ಎದುರಿಗೆ ಕೂತಿದ್ದರಂತೆ. ನನಗೆ ನನ್ನ ಮುಖ ಮಾತ್ರ ಕಾಣುತ್ತಿತ್ತು. ನಾಲ್ಕು ನಿಮಿಷ ಅದನ್ನೇ ನೋಡಿದೆ.

ನಿನ್ನ ತಮ್ಮ


ನವೆಂಬರ್ 4

ತಮ್ಮನಿಗೆ,

ನಿನ್ನ ಕಾಗದ ಅಪ್ಪನಿಗೆ ತೋರಿಸಲಿಲ್ಲ. ತೋರಿಸುವ ಅಗತ್ಯ ಬೀಳಲಿಲ್ಲ. ಅಂಚೆ ಬಿಚ್ಚುವವರು ಅವರೇ ಎಂಬುದು ನಿನಗೆ ಮರೆತುಹೋಗಿದೆ. ಓದಿ, ಯಾವ ತಪ್ಪನ್ನೂ ತಿದ್ದದೆ, ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ನಾಲ್ಕು ಕಾಗುಣಿತದ ತಪ್ಪಿದ್ದವು.

ಸಾವಿರದ ಆರುನೂರು ಜನರ ಮಾತು ನಿಜ ಎಂದು ನಂಬುತ್ತೇನೆ. ಜಡೆಯ ಮನೆಯ ಲೈನ್ ಬಿದ್ದುಹೋದದ್ದನ್ನು ಮೊದಲು ಬರೆದವಳೇ ನಾನು. ನೀನು ಕುರ್ಚಿಯನ್ನು ಆರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. "ಅಕ್ಕ, ನಿನ್ನ ಹನ್ನೊಂದು ಜನ ಸೋತರು" ಎಂದು ಜುಲೈಯಲ್ಲಿ ಒಂದು ಕಾರ್ಡು ಹಾಕಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದೆ. ನೀನು ನಮ್ಮನ್ನು ಸೋಲಿಸಿ, ನಾವೇ ಸಂತೋಷದಿಂದ ಸೋತೆವು ಎಂದು ನನ್ನ ಕೈಯಲ್ಲೇ ಬರೆಸಿದೆ. ಈಗ ಇನ್ನೊಂದು ಸಾಲು ಬರೆದು ಕೊಡು ಅನ್ನುತ್ತೀಯ.

ಆ ಸಾಲು ಬರೆಯುವುದೋ ಬೇಡವೋ ಎಂದು ಹತ್ತು ದಿನ ಒದ್ದಾಡಿದೆ. ಸುಳ್ಳು ಬರೆದರೆ ಹನ್ನೊಂದು ಪ್ರಮಾಣಪತ್ರ. ಬರೆಯದಿದ್ದರೆ ನನ್ನ ಮಾನ ಮಾತ್ರ. ನನ್ನೊಬ್ಬಳ ಮಾನಕ್ಕೆ ಅವರ ಕೆಲಸ ಬಲಿ ಕೊಡಲು ನಾನು ಯಾರು? ಆದ್ದರಿಂದ ಅವರನ್ನೇ ಕೇಳಿದೆ. ಸ್ಥಗಿತವಾದ ಮೇಲೂ ನಾವು ಸೇರುತ್ತೇವೆ. ಪುಕ್ಕಟೆ ಸಿಗುವ ಕಿಟಕಿ ನಲವತ್ತು ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತೇವೆ. ನಿನ್ನ ಷರತ್ತನ್ನು ಇದ್ದ ಹಾಗೆ ಅವರ ಮುಂದಿಟ್ಟೆ.

ಮೊದಲು ಟೋಪಿ ಮಾತಾಡಿದ. "ಬರೆದುಬಿಡಿ ಮೇಡಂ. ನಮ್ಮ ಹೆಸರಲ್ಲಿ ಜನ ಎಷ್ಟೋ ಸುಳ್ಳು ಹೇಳಿದ್ದಾರೆ, ಇದರಿಂದ ಉಪಯೋಗವಾದರೂ ಇದೆ." ನಾಲ್ವರು ಹೌದೆಂದರು. ಅವರನ್ನು ನಾನು ತಪ್ಪೆನ್ನುವುದಿಲ್ಲ.

ಆಮೇಲೆ ಜಡೆ ಕೈ ಎತ್ತಿದಳು. "ಮೊದಲನೇ ಪಾಠದಲ್ಲಿ ನೀವು ಏನು ಹೇಳಿಕೊಟ್ಟಿರಿ? ಮಾತು ಪುಟಕ್ಕೆ ಹಿಡಿಸದಿದ್ದರೆ ಅಂಚು ಕಡಿಮೆ ಮಾಡಿ, ಚಿತ್ರ ಚಿಕ್ಕದು ಮಾಡಿ, ಬರೆದವರ ಮಾತು ಮಾತ್ರ ಮುಟ್ಟಬೇಡಿ ಅಂತ. ಪ್ರಮಾಣಪತ್ರ ಅದಕ್ಕೇ ತಾನೆ? ಅದನ್ನೇ ಮುರಿದು ಅದನ್ನು ತಗೊಂಡರೆ, ಗೋಡೆಗೆ ಹಾಕೋವಾಗ ನನಗೆ ನಗು ಬರುತ್ತೆ."

ಉಳಿದ ಐವರೂ ಅವಳ ಕಡೆ ಹೋದರು. ಕೊನೆಗೆ ಟೋಪಿಯೂ ಟೋಪಿ ತೆಗೆದು ಕೆಳಗಿಟ್ಟ. ಅವನು ಸೋಲೊಪ್ಪುವುದು ಹಾಗೆ.

ಕರಡಿನ ವಿಷಯ ಕೇಳಿದ್ದೆ. ಇದೆ. ಅಪ್ಪ ಯಾವ ಕರಡನ್ನೂ ಎಸೆದವರಲ್ಲ. ನಿನ್ನ ಐದನೇ ತರಗತಿಯ ರಜೆ ಅರ್ಜಿಯೂ ಇದೆ. ಜೂನ್ ಕರಡನ್ನು ತೆಗೆದು ನೋಡಿದಾಗ ಆ ಹತ್ತು ನಿಮಿಷದ ಜಗಳ ನೆನಪಾಯಿತು. ಇನ್ನೊಮ್ಮೆ ಹೇಳುತ್ತೇನೆ ಎಂದಿದ್ದೆನಲ್ಲ, ಈಗ ಹೇಳುತ್ತೇನೆ.

ನಾನು 'ತೊಂದರೆಯಾಗಲಿಲ್ಲ' ಎಂಬಲ್ಲಿ ಪೂರ್ಣವಿರಾಮ ಹಾಕಿದ್ದೆ. 'ಏಕೆಂದರೆ' ಹೊಸ ವಾಕ್ಯವಾಗಿತ್ತು. ನಗೆಮಾತು ಹಾಗೆ ಚೆನ್ನಾಗಿ ಬೀಳುತ್ತದೆ ಎಂಬುದು ನನ್ನ ವಾದ. ಅಪ್ಪ ಕೆಂಪು ಪೆನ್ಸಿಲಿನಲ್ಲಿ ಅದಕ್ಕೆ ಬಾಲ ಎಳೆದು ಅಲ್ಪವಿರಾಮ ಮಾಡಿದರು. "ಪುಟದಲ್ಲಿ ಜಾಗ ಸಾಲದೇ ಇದ್ದರೆ ನಾವು ಪೂರ್ಣವಿರಾಮ ಇದ್ದ ಕಡೆ ಕತ್ತರಿಸ್ತಿದ್ವಿ. ಮುಂದೇನಿದೆ ಅಂತ ಯಾರೂ ನೋಡ್ತಿರಲಿಲ್ಲ. ಅಲ್ಪವಿರಾಮ ಇದ್ದರೆ ಎಂಥ ಸೋಮಾರಿನೂ ಕೈ ತಡೀತಾನೆ. ಈ ವಾಕ್ಯ ಅರ್ಧಕ್ಕೆ ನಿಂತರೆ ತಲೆಕೆಳಗಾಗುತ್ತೆ, ನೋಡು." ನಾನು ನಕ್ಕೆ. "ಅಪ್ಪ, ಇದು ಹೋಗ್ತಿರೋದು ಪ್ರೆಸ್‌ಗಲ್ಲ, ಕಿವಿಗೆ" ಎಂದೆ. ಅವರು ಸ್ವಲ್ಪ ಯೋಚಿಸಿ "ಹೌದಲ್ಲ" ಎಂದರು. ಆದರೂ ಅಲ್ಪವಿರಾಮ ಅಳಿಸಲಿಲ್ಲ.

ನೀನು ಉಸಿರು ತೆಗೆದುಕೊಂಡದ್ದು ಆ ಅಲ್ಪವಿರಾಮದ ಮೇಲೆ.

ನಿನ್ನೆ ಆ ಕರಡನ್ನೂ 14ನೇ ಪುಟವನ್ನೂ ಒಂದೇ ಲಕೋಟೆಯಲ್ಲಿಟ್ಟು ಪರಿಷತ್ತಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಜೊತೆಗೆ ಎರಡು ಸಾಲು: ತರಗತಿ ಮತ್ತೆ ತೆರೆಯಿರಿ, ಸದ್ದನ್ನು ಎಣಿಸಿ ಹಾಜರಿ ಹಾಕಬೇಡಿ. ನಿನ್ನ ಬಗ್ಗೆ ಒಂದು ಮಾತೂ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ಸಹಿ ಅಲ್ಲೇ ಇದೆ. ಅವರು ಏನು ಮಾಡುತ್ತಾರೋ, ಮಾರ್ಚಿಗೆ ನಮ್ಮ ಕೈಗೆ ಏನು ಸಿಗುತ್ತದೋ ಗೊತ್ತಿಲ್ಲ. ನಿನಗೆ ಏನಾಗುತ್ತದೋ ಅದೂ ಗೊತ್ತಿಲ್ಲ. ಲಕೋಟೆ ಅಲ್ಲಿ ತಲುಪುವ ಮೊದಲು ಈ ಕಾಗದ ನಿನಗೆ ತಲುಪಲಿ ಎಂದು ಇವತ್ತೇ ಹಾಕುತ್ತಿದ್ದೇನೆ. ನೀನು ನನಗೆ ಮೊದಲೇ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಕೊನೆಯದಾಗಿ ಒಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ.

ಲಕೋಟೆ ಅಂಟಿಸುವಾಗ ಅಪ್ಪ ಎದುರಿಗೆ ಕುಳಿತಿದ್ದರು. ಏನೋ ಕೇಳಲು ಕೈ ಎತ್ತಿದರು. ಬೆರಳು ಕಿವಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಬಿಕ್ಕಳಿಕೆಯಲ್ಲಿ ಚಿತ್ರ ನಿಲ್ಲುತ್ತಿತ್ತಲ್ಲ, ಹಾಗೆ. ಕೈ ಕೆಳಗಿಳಿಸಿದರು. ಆಮೇಲೆ ಎಡ ಅಂಗೈ ಬಿಡಿಸಿ, ಅದರ ಮೇಲೆ ಬಲಗೈ ಬೆರಳಿನಿಂದ ಒಂದೊಂದೇ ಅಕ್ಷರ ಬರೆಯತೊಡಗಿದರು. ಮನೆಗೆ ಬಂದ ವಿಮೆಯವರ, ಮೀಟರ್ ಓದುವವರ ಹೆಸರನ್ನು ನಮಗೆ ಹಾಗೆಯೇ ಹೇಳುತ್ತಿದ್ದರಲ್ಲ, ಕೈಯಲ್ಲಿ ಹೆಸರಿಲ್ಲದ ಹೊರಗಿನವರನ್ನು. ಮೊದಲ ಅಕ್ಷರ ನೋಡಿದೆ. ಎರಡನೆಯದು ನೋಡಿದೆ. ಯಾರ ವಿಷಯ ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಕೊನೆಯ ಅಕ್ಷರಕ್ಕೆ ದೀರ್ಘ ಎಳೆದ ಮೇಲೆ ಗೊತ್ತಾಯಿತು, ಅದು ಶಾಲೆಯ ದಾಖಲೆಯಲ್ಲಿರುವ ನಿನ್ನ ಹೆಸರು.

"ಇವರಿಗೂ ಒಂದು ಪ್ರತಿ ಕಳಿಸಿದ್ದೀಯಾ?" ಎಂದು ಕೇಳಿದರು.

ಕಳಿಸಿದ್ದೇನೆ. ಲಗತ್ತಿಸಿದೆ.

ಅಕ್ಕ